ಸ್ತ್ರೀಯರ ಸ್ವಂತ ಸಂಪಾದನೆಯಿಂದ ಸಮಾಜಕ್ಕಾಗುವ ಹಿತ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ಈಗ ಇಲ್ಲಿ ಓದುತ್ತಿರುವ ಬಾಲಿಕೆಯರ ತಾಯಿತಂದೆಗಳಿಗೂ ಒಂದು ವಿಷಯವನ್ನು ಈ ಸಂಚಿಕೆಯ ಮೂಲಕ ಬಿನ್ನವಿಸಬೇಕೆಂದಿದ್ದೇನೆ. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ವಿದ್ಯೆಯ ಫಲವಾಗಿ ಮಗಳು ಸಂಪಾದಿಸಬೇಕೆ, ಸಂಪಾದಿಸಿದ ಹಣವು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳು ಬಂದಾಗ ಅನೇಕ ಮನೆಗಳಲ್ಲಿ ಮಾತು ತಡವರಿಸುತ್ತದೆ. "ನಮಗೇನು ಕೊರತೆ? ಹೆಣ್ಣಿನ ದುಡಿಮೆಯಿಂದ ಮನೆ ನಡೆಯಬೇಕೆ?" ಎನ್ನುವವರುಂಟು. ಸ್ತ್ರೀಯ ಸಂಪಾದನೆಯು ಬಡತನದ ಮನೆಗೆ ಮಾತ್ರ ಬೇಕಾದ ಊರುಗೋಲೆಂದು ಅವರು ಭಾವಿಸುತ್ತಾರೆ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಕೆಲವು ದೃಷ್ಟಾಂತಗಳಿಂದ ವಿಚಾರಿಸೋಣ.

ಮೊದಲನೆಯದಾಗಿ, ಹಣವು ತಾಯಿಯ ಕೈಸೇರಿದರೆ ಏನಾಗುತ್ತದೆಂಬುದನ್ನು ನೋಡತಕ್ಕದ್ದು. ಬ್ರಿಟನ್ ದೇಶದಲ್ಲಿ ಮಕ್ಕಳಿಗಾಗಿ ಸರಕಾರವು ಮಾಡುತ್ತಿದ್ದ ಸಹಾಯದ ಬಹುಭಾಗವು ತೆರಿಗೆಯ ವಿನಾಯಿತಿಯ ರೂಪದಲ್ಲಿ ತಂದೆಯ ಸಂಬಳದೊಡನೆ ಸೇರುತ್ತಿತ್ತು. ೧೯೭೭ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಈ ಕ್ರಮವನ್ನು ಬದಲಾಯಿಸಿ, ಆ ಸಹಾಯವನ್ನು ನಗದಾಗಿ ತಾಯಂದಿರಿಗೇ ಕೊಡತೊಡಗಿದರು. ಆ ಕಾಲದ ಕುಟುಂಬಗಳ ಖರ್ಚುವೆಚ್ಚದ ಲೆಕ್ಕಗಳನ್ನು ಅರ್ಥಶಾಸ್ತ್ರಜ್ಞರು ಮುಂದೆ ಪರೀಕ್ಷಿಸಿದಾಗ, ಗಂಡಸರ ಬಟ್ಟೆಬರೆಗೆ ಹೋಲಿಸಿದರೆ ಮಕ್ಕಳ ಹಾಗೂ ಸ್ತ್ರೀಯರ ಬಟ್ಟೆಬರೆಗೆ ಮಾಡುವ ವೆಚ್ಚವು ಹೆಚ್ಚಿದ್ದು ಕಂಡುಬಂದಿತು. ಬ್ರೆಜಿಲ್ ದೇಶದ ಕುಟುಂಬಗಳನ್ನು ಕುರಿತು ೧೯೯೦ರಲ್ಲಿ ಪ್ರಕಟವಾದ ಡಂಕನ್ ಥಾಮಸ್ ಎಂಬ ವಿದ್ವಾಂಸರ ಅಧ್ಯಯನವು ಇನ್ನೂ ಗಂಭೀರವಾದುದು. ತಂದೆಯ ಕೈಗೆ ಬಂದ ಆದಾಯಕ್ಕಿಂತ ತಾಯಿಯ ಕೈಗೆ ಬಂದ ಆದಾಯವು ಕೂಸು ಬದುಕಿ ಉಳಿಯುವ ಸಂಭವವನ್ನು ಸುಮಾರು ೨೦ ಪಟ್ಟು ಹೆಚ್ಚಾಗಿ ಬಲಪಡಿಸುವುದೆಂದು ಅದರಲ್ಲಿ ತೋರಿಬಂದಿತು.

ತಂದೆಗೆ ಮಕ್ಕಳಲ್ಲಿ ಪ್ರೀತಿಯಿಲ್ಲವೆಂದು ಇದರ ಅರ್ಥವಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿಯುತ್ತ ಬಂದುದು, ಮಗುವಿನ ಮೈ ರಾತ್ರಿ ಬಿಸಿಯೇರಿದುದು, ಮಗಳ ಚಪ್ಪಲಿ ಹರಿದುದು ತಾಯಿಗೆ ಮೊದಲು ತಿಳಿಯುತ್ತದೆ. ತಿಳಿದವಳ ಕೈಯಲ್ಲೇ ನಾಲ್ಕು ಕಾಸಿದ್ದರೆ ಪರಿಹಾರವು ಅಂದೇ ಆಗುತ್ತದೆ. ಇಲ್ಲವಾದರೆ ಕೇಳಿ, ಕಾದು, ಕೆಲವೊಮ್ಮೆ ಕೇಳಲು ಸಂಕೋಚಪಟ್ಟು ದಿನಗಳು ಕಳೆಯುತ್ತವೆ. ಹೊಟ್ಟೆತುಂಬ ಉಂಡು ಪಾಠಕ್ಕೆ ಕುಳಿತ ಮಗುವಿಗೂ ಹಸಿದು ಕುಳಿತ ಮಗುವಿಗೂ ಇರುವ ಅಂತರವನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು. ಹೀಗೆ ಒಂದು ಮನೆಯ ಅಡಿಗೆಮನೆಯಲ್ಲಿ ಆರಂಭವಾದ ಹಿತವು ಶಾಲೆಗೂ, ಅಲ್ಲಿಂದ ಊರಿಗೂ ಮುಟ್ಟುತ್ತದೆ.

ಎರಡನೆಯದಾಗಿ, ಸ್ತ್ರೀಯರು ಕೂಡಿ ದುಡಿದರೆ ಏನಾಗಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ. ೧೯೫೯ನೆಯ ಮಾರ್ಚ್ ೧೫ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು ಹಪ್ಪಳ ಮಾಡಲು ತೊಡಗಿದರು. ಅದೇ ಇಂದು ಲಿಜ್ಜತ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆ. ಹಿಟ್ಟನ್ನು ಒಯ್ದು ಮನೆಯಲ್ಲಿ ಲಟ್ಟಿಸಿ ತರುವ ಸಹಸ್ರಾರು ಸದಸ್ಯೆಯರು ಅಲ್ಲಿ ಕೂಲಿಯವರಲ್ಲ, ಒಡತಿಯರು. ಲಾಭದಲ್ಲಿಯೂ ಅವರಿಗೆ ಪಾಲುಂಟು. ಸ್ಥಾಪಕಿಯರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಅಹಮದಾಬಾದಿನಲ್ಲಿ ತರಕಾರಿ ಮಾರುವ, ತಲೆಹೊರೆ ಹೊರುವ, ಚಿಂದಿ ಆಯುವ ಸ್ತ್ರೀಯರನ್ನು ಇಳಾ ಭಟ್ಟರು ೧೯೭೨ರಲ್ಲಿ 'ಸೇವಾ' ಎಂಬ ಸಂಘವಾಗಿ ಕೂಡಿಸಿದರು. ಇವರು ದುಡಿಯುತ್ತಿದ್ದರೂ ಅವರ ದುಡಿಮೆಯು ಬಡ್ಡಿಯ ಸಾಹುಕಾರನ ಪಾಲಾಗುತ್ತಿತ್ತು. ಬ್ಯಾಂಕುಗಳು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆದುದರಿಂದ ೧೯೭೪ರಲ್ಲಿ ೪,೦೦೦ ಮಂದಿ ಸ್ತ್ರೀಯರು ತಲೆಗೆ ೧೦ ರೂಪಾಯಿಯಂತೆ ಪಾಲುಹಣ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಿ ಮಾಡಲು ಬಾರದವರ ಗುರುತಿಗಾಗಿ ಭಾವಚಿತ್ರವನ್ನು ಉಪಯೋಗಿಸಿದರು. ದುಡಿಯುವುದೊಂದೇ ಸಾಲದು, ದುಡಿದುದನ್ನು ಉಳಿಸಿಕೊಳ್ಳುವ ಸ್ಥಳವೂ ಬೇಕೆಂಬುದನ್ನು ಈ ನಿದರ್ಶನವು ಕಲಿಸುತ್ತದೆ.

ಮೂರನೆಯದಾಗಿ, ಸ್ವತ್ತಿನ ವಿಷಯ. ಮದುವೆಯಾದ ಸ್ತ್ರೀಯ ಸಂಬಳವು ಆಕೆಯದೇ ಎಂದು ಭಾರತದಲ್ಲಿ ೧೮೭೪ರಲ್ಲಿಯೇ ಒಂದು ಕಾಯಿದೆಯಾಯಿತು. ಅದು ಹಿಂದೂ, ಮುಸಲ್ಮಾನ ಮೊದಲಾದವರನ್ನು ಬಿಟ್ಟು ಮುಖ್ಯವಾಗಿ ಕ್ರೈಸ್ತ ಸ್ತ್ರೀಯರಿಗೆ ಅನ್ವಯಿಸುವಂಥದು. ಆದರೂ ತಿರುವಾಂಕೂರಿನ ೧೯೧೬ರ ಕ್ರೈಸ್ತ ವಾರಸಾ ಕಾಯಿದೆಯು, ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ೫,೦೦೦ ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ಮಾತ್ರ ಗೊತ್ತುಮಾಡಿತ್ತು. ಕೋಟ್ಟಯಂ ನಗರದಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಅವರು ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ೧೯೮೬ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ತೀರ್ಪನ್ನು ಪಡೆದರು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಕರ್ನಾಟಕವು ೧೯೯೪ರ ತಿದ್ದುಪಡಿಯಿಂದ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಪುತ್ರಿಯರಿಗೆ ಸಮಾನ ಹಕ್ಕನ್ನು ಕೊಟ್ಟಿತು. ೨೦೦೫ರಲ್ಲಿ ಕೇಂದ್ರದ ಕಾಯಿದೆಯು ಆ ಭೇದವನ್ನೂ ತೆಗೆಯಿತು. ಹೀಗಿದ್ದರೂ ಅಣ್ಣತಮ್ಮಂದಿರ ಮುಖ ನೋಡಿ, ತವರಿನ ಬಾಗಿಲು ಮುಚ್ಚೀತೆಂದು ಹೆದರಿ, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಹೊಲವೋ ಮನೆಯೋ ಹೆಸರಿನಲ್ಲಿದ್ದವಳಿಗೆ ಅಡವಿಟ್ಟು ಸಾಲ ಪಡೆದು ಉದ್ಯೋಗ ಹೂಡಲು ಅನುಕೂಲವಿದೆ; ವೈಧವ್ಯ ಬಂದರೆ ನಿಲ್ಲಲು ನೆಲೆಯಿದೆ. ಹಾಗಿಲ್ಲದವಳ ಭಾರವು ಕೊನೆಗೆ ಬಂಧುಗಳ ಮೇಲೂ ಊರಿನ ಮೇಲೂ ಬೀಳುವುದು.

ಹೊರಗೆ ದುಡಿದರೆ ಮನೆ ಕೆಡುವುದೆಂಬ ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ೨೦೧೯ರಲ್ಲಿ ಭಾರತ ಸರಕಾರವು ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಸ್ತ್ರೀಯರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಪುರುಷರು ೯೭ ನಿಮಿಷಗಳನ್ನೂ ಅದಕ್ಕೆ ವೆಚ್ಚಮಾಡಿದರು. ಈ ಸುಮಾರು ಐದು ಗಂಟೆಗಳ ಹೊರೆಯನ್ನು ಹಾಗೆಯೇ ಇಟ್ಟು ಅದರ ಮೇಲೆ ಕಛೇರಿಯ ಕೆಲಸವನ್ನು ಹೇರಿದರೆ, ಮನೆಗಿಂತ ಮೊದಲು ಆಕೆಯ ದೇಹವೇ ಕೆಡುವುದು. ಆದುದರಿಂದ ತಪ್ಪಿರುವುದು ಆಕೆಯ ಸಂಪಾದನೆಯಲ್ಲಲ್ಲ, ಕೆಲಸದ ಹಂಚಿಕೆಯಲ್ಲಿ. ತನ್ನ ತಟ್ಟೆಯನ್ನು ತಾನೇ ತೊಳೆಯಲು ಮಗನಿಗೆ ಕಲಿಸುವುದೂ ಮಗಳ ಸ್ವಾವಲಂಬನೆಗೆ ಒದಗುವ ಶಿಕ್ಷಣವೇ ಸರಿ.

ತಾಯಿತಂದೆಗಳೇ, ಹತ್ತನೆಯ ತರಗತಿಯಾದೊಡನೆ ವರ್ಗಾವಣೆ ಪತ್ರವನ್ನು ಕೇಳುವಾಗ, ಮುಂದೆ ಯಾವ ವಿದ್ಯೆ ಅಥವಾ ಕಸಬಿನಿಂದ ಮಗಳು ತನ್ನ ಕಾಲಮೇಲೆ ನಿಲ್ಲಬಲ್ಲಳೆಂಬುದನ್ನು ಆಕೆಯನ್ನೇ ಕೂರಿಸಿಕೊಂಡು ಆಲೋಚಿಸಿರಿ. ಆಕೆಯ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದು, ಪಾಸ್‌ಪುಸ್ತಕವನ್ನು ಆಕೆಯ ವಶಕ್ಕೇ ಕೊಡಿರಿ. ಆಸ್ತಿಯ ವಿಷಯವನ್ನು ಮಕ್ಕಳೆಲ್ಲರ ಮುಂದೆ ಬಹಿರಂಗವಾಗಿ ಮಾತನಾಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ದಾದಿಯರು, ಉಪಾಧ್ಯಾಯಿನಿಯರು, ಅಂಗಡಿ ನಡೆಸುವವರು, ಹೊಲಿಗೆಯಿಂದ ಜೀವಿಸುವವರು ಇರುವಿರಿ. ವರ್ಷಕ್ಕೊಂದು ದಿನ ಶಾಲೆಗೆ ಬಂದು, ನಿಮ್ಮ ಕೆಲಸದ ಕಷ್ಟವನ್ನೂ ಸಂಬಳವನ್ನೂ ಉಳಿತಾಯವನ್ನೂ ಮರೆಮಾಚದೆ ನಮ್ಮ ಬಾಲಿಕೆಯರಿಗೆ ತಿಳಿಸಿರಿ. ನಮ್ಮ ಪಾಠಪುಸ್ತಕಗಳಲ್ಲಿ ಇಲ್ಲದ ಆ ಪಾಠವನ್ನು ಹೇಳಬಲ್ಲವರು ನೀವೇ.