ಕತ್ತರಿಗೆ ಮೊದಲು ಟ್ರ್ಯಾಕಿಗೊಂದು ಹೆಸರು

ನ್ಯಾಮತಿ ತಾಲ್ಲೂಕಿನ ಸವಳಂಗದವರು ಸೂರಗೊಂಡನಕೊಪ್ಪದಲ್ಲಿ ನಡೆಯುವ, ಲಂಬಾಣಿ ಸಮುದಾಯದ ಸಂತ ಸೇವಾಲಾಲರ ಜಯಂತಿಯನ್ನು ಹಲವು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದಾಗ, ವಿಡಿಯೊ ಸಂಕಲನ ತಂತ್ರಾಂಶದಲ್ಲಿ ಕಾಲಕ್ರಮವನ್ನು ಎಡದಿಂದ ಬಲಕ್ಕೆ ತೋರಿಸುವ ಟೈಮ್‌ಲೈನಿನಲ್ಲಿ ಪ್ರತಿ ಕ್ಯಾಮೆರಾಕ್ಕೂ ಒಂದು ಟ್ರ್ಯಾಕನ್ನು, ಎಂದರೆ ದೃಶ್ಯ ಅಥವಾ ಧ್ವನಿಯ ಪದರವನ್ನು, ಮೀಸಲಿಟ್ಟು ಹೆಸರಿಸುವುದು ಒಳಿತು. ಸಾಮಾನ್ಯವಾಗಿ ಮೇಲಿನ ಟ್ರ್ಯಾಕಿನ ದೃಶ್ಯ ಕೆಳಗಿನದನ್ನು ಮರೆಮಾಡುತ್ತದೆ. ಧ್ವನಿಗಳು ಮಾತ್ರ ಒಟ್ಟಿಗೇ ಕೇಳಿಸುತ್ತವೆ. ಲಂಬಾಣಿ ಹಾಡಿನ ಮೂಲ ಧ್ವನಿಯೇ ಇಂತಹ ದಾಖಲೆಯ ಜೀವಾಳವಾದ್ದರಿಂದ ಆ ಟ್ರ್ಯಾಕನ್ನು ಲಾಕ್ ಮಾಡಿಡಬೇಕು, ಮತ್ತು ತುಣುಕನ್ನು ಅಳಿಸಿ ತೆರವನ್ನೂ ಮುಚ್ಚುವ ರಿಪಲ್ ಡಿಲೀಟನ್ನು ಆಗ ಬಳಸಲೇಬಾರದು. ಬಳಸಿದರೆ ಧ್ವನಿ ಕದಲದೆ ದೃಶ್ಯವಷ್ಟೇ ಸರಿದು, ತುಟಿಗೂ ದನಿಗೂ ಹೊಂದಿಕೆ ತಪ್ಪುತ್ತದೆ. ಕತ್ತರಿಸಬೇಕಾದ ಜಾಗ ಹುಡುಕಲು, ಅನೇಕ ತಂತ್ರಾಂಶಗಳಲ್ಲಿ ಜೆ ಕೀಲಿ ದೃಶ್ಯವನ್ನು ಹಿಂದಕ್ಕೂ ಎಲ್ ಮುಂದಕ್ಕೂ ಓಡಿಸುತ್ತದೆ, ಕೆ ನಿಲ್ಲಿಸುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳಿರುವ ಚಿತ್ರಿಕೆಯಲ್ಲಿ ಬಾಣದ ಕೀಲಿಯ ಒಂದು ಒತ್ತು ಸೆಕೆಂಡಿನ 25ನೇ ಒಂದು ಭಾಗವಷ್ಟೇ ಸರಿಸುವುದರಿಂದ, ಕುಣಿಯುವ ಹೆಜ್ಜೆ ನೆಲ ಮುಟ್ಟುವ ಕ್ಷಣದಲ್ಲಿಯೇ ಕತ್ತರಿಸಬಹುದು.