ನಿಂತ ಕಾರಿಗೂ ವಯಸ್ಸಾಗುತ್ತದೆ

ನೋಡಪ್ಪ, ಕಾರು ಕೊಂಡದ್ದು ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ಮಿಷಿಗನ್‌ನಲ್ಲಿ ಕೆಲಸಕ್ಕೆ ಸೇರಿ, ಸಾಲ ತೀರಿಸಿ, ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ ಇಂಥ ಆಸೆ ಹುಟ್ಟುವುದರಲ್ಲಿ ತಪ್ಪೇನಿದೆ? ಅದರಲ್ಲೂ 1996ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಟಾಪು, ಎಳೆಯುವುದು ಹಿಂದಿನ ಚಕ್ರ, ತೂಕ ಒಂದು ಟನ್ನಿನ ಆಸುಪಾಸು. ಮೊದಲ ಸ್ಪೋರ್ಟ್ಸ್ ಕಾರಿಗೆ ಇದಕ್ಕಿಂತ ಒಳ್ಳೆಯದನ್ನು ನಾನಂತೂ ಹೇಳಲಾರೆ. 1989ರಲ್ಲಿ ಷಿಕಾಗೋ ಆಟೋ ಷೋದಲ್ಲಿ ಜನರ ಮುಂದೆ ಬಂದ ಈ ಮಾದರಿ 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ, ಕೈ ಹಾಕಿ ಕೆಲಸ ಬಲ್ಲವರಿಗೂ ಬರವಿಲ್ಲ.

ಆದರೆ "ಮಾವ, ಓಡಿರೋದು ಬರೀ ಅರವತ್ತೆರಡು ಸಾವಿರ ಮೈಲಿ" ಎಂದೆಯಲ್ಲ, ನನಗೆ ಯೋಚನೆ ಹತ್ತಿದ್ದು ಆ ಮಾತಿಗೇ. ಇಷ್ಟು ವರ್ಷಕ್ಕೆ ಅಷ್ಟೇ ಓಡಿದೆ ಎಂದರೆ ಉಳಿದ ಕಾಲವೆಲ್ಲ ಎಲ್ಲೋ ನಿಂತಿತ್ತು ಎಂದರ್ಥ. ಓಡಿದ ಕಾರು ಕಬ್ಬಿಣ ಸವೆಸುತ್ತದೆ, ನಿಂತ ಕಾರು ರಬ್ಬರು ಕೊಲ್ಲುತ್ತದೆ. ಬೆಲ್ಟು, ಹೋಸ್ ಪೈಪು, ಸೀಲು, ಟೈರು, ಬ್ರೇಕಿನ ಪೈಪು, ಇವು ಮೈಲಿ ಲೆಕ್ಕ ನೋಡುವುದಿಲ್ಲ, ವರ್ಷದ ಲೆಕ್ಕ ನೋಡುತ್ತವೆ. ಕಡಿಮೆ ಮೈಲಿಯ ಹಳೆಯ ಕಾರು ಕೊಂಡವರು ಮೋಸ ಹೋಗುವುದು ಇಲ್ಲೇ.

ಮಾರಿದವರು ಸರ್ವಿಸ್ ಕಾಗದ ಕೊಟ್ಟಿಲ್ಲ ಎಂದೆ. ಕಾಗದ ಇಲ್ಲದ ಕೆಲಸ ಆಗೇ ಇಲ್ಲ ಎಂದು ತಿಳಿದುಕೊ. ಎಂಜಿನ್ ಆಯಿಲ್, ಗೇರ್ ಬಾಕ್ಸ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಕ್ಲಚ್ ಆಯಿಲ್, ಎಲ್ಲವನ್ನೂ ಇಳಿಸಿ ಹೊಸದು ಹಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ಬ್ರೇಕು ಕಾದಾಗ ಆ ತೇವವೇ ಆವಿಯಾಗಿ ಪೆಡಲು ನೆಲ ಮುಟ್ಟೀತು. ಅದನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸು. ಅದೇ ಹೊತ್ತಿಗೆ ಹಿಂದಿನ ಬ್ರೇಕ್ ಕ್ಯಾಲಿಪರ್ ಸಲೀಸಾಗಿ ಜಾರುತ್ತದೆಯೇ ನೋಡು. ಬಹಳ ದಿನ ನಿಂತ ಕಾರಿನಲ್ಲಿ ಅದು ಹಿಡಿದುಕೊಂಡಿರುತ್ತದೆ.

ಟೈಮಿಂಗ್ ಬೆಲ್ಟಿಗೆ ಕಂಪನಿ ಹೇಳಿದ ಗಡುವು 60,000 ಮೈಲಿ. ನಿನ್ನದು ಅದನ್ನು ದಾಟಿದೆ, ಬೆಲ್ಟಿಗೆ ವಯಸ್ಸೂ ಆಗಿದೆ. ಒಂದು ಸಮಾಧಾನವೆಂದರೆ ಈ ಎಂಜಿನ್ನಿನಲ್ಲಿ ಬೆಲ್ಟು ಹರಿದರೂ ಪಿಸ್ಟನ್ನು ವಾಲ್ವಿಗೆ ಬಡಿಯುವುದಿಲ್ಲ. ಆದರೆ ಹೈವೇ ನಡುವೆ ಕಾರು ಸತ್ತು ನಿಲ್ಲುತ್ತದೆ, ಟ್ರಕ್ಕುಗಳ ಮಧ್ಯೆ ಅದೇನೂ ಸಣ್ಣ ಅಪಾಯವಲ್ಲ. ಬೆಲ್ಟು ಬಿಚ್ಚಿದಾಗ ವಾಟರ್ ಪಂಪು, ಮುಂದಿನ ಆಯಿಲ್ ಸೀಲುಗಳು, ಬೆಲ್ಟು ಬಿಗಿಮಾಡುವ ರೋಲರು, ಎಲ್ಲವನ್ನೂ ಒಟ್ಟಿಗೇ ಹಾಕಿಸು. ಆ ದೇಶದಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ನಮ್ಮೂರಿನ ಗ್ಯಾರೇಜಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಒಂದೇ ಜಾಗವನ್ನು ಎರಡು ಸಲ ಬಿಚ್ಚಿಸಬೇಡ.

ರೇಡಿಯೇಟರಿನ ಮೇಲ್ಭಾಗ ಪ್ಲಾಸ್ಟಿಕ್. ಹೊಸದರಲ್ಲಿ ಕಪ್ಪಗಿರುತ್ತದೆ, ಕಾದು ಕಾದು ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಬಿರುಕು ಬಿಡುವ ತನಕ ಕಾಯಬೇಡ, ಹೊಸ ರೇಡಿಯೇಟರ್ ಹಾಕಿಸು. ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ, ಒಂದು ಸಲ ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಮೀಟರಿನ ಮುಳ್ಳನ್ನು ನಂಬಿ ಕೂರುವಂತೆಯೂ ಇಲ್ಲ. ಈ ಕಾರಿನಲ್ಲಿ ಶಾಖ ಸಾಕಷ್ಟು ಏರಿದರೂ ಅದು ನಡುವಿನಲ್ಲೇ ನಿಂತಿರುತ್ತದೆ, ಮೇಲೆದ್ದಿತು ಎಂದರೆ ಆಗಲೇ ತಡವಾಗಿದೆ. ಆಯಿಲ್ ಪ್ರೆಷರ್ ಮೀಟರಿನದೂ ಅದೇ ಕಥೆ. ಒತ್ತಡ ಇದೆಯೋ ಇಲ್ಲವೋ ಎನ್ನುವುದಷ್ಟನ್ನೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ತಣ್ಣಗಿರುವಾಗ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಕೂಲೆಂಟ್ ಮಟ್ಟ ನೋಡುವ ಅಭ್ಯಾಸ ಮಾಡಿಕೊ.

ಇನ್ನು ತುಕ್ಕು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಬೇಸರಪಡಬೇಡ. ಎಂಜಿನ್ ಕೆಟ್ಟರೆ ಇನ್ನೊಂದು ಎಂಜಿನ್ ಸಿಗುತ್ತದೆ, ಬಾಡಿ ತುಕ್ಕು ತಿಂದರೆ ಕಾರು ಮುಗಿಯಿತು. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಪಕ್ಕದಲ್ಲಿರುವ ಸಣ್ಣ ತೂತುಗಳಿಂದ ಇಳಿದು, ಹಿಂದಿನ ಚಕ್ರದ ಮುಂಭಾಗದಲ್ಲಿ ಹೊರಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ದೂಳು, ಕಸ ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಆಗ ನೀರು ಬಾಗಿಲಿನ ಕೆಳಗಿನ ಟೊಳ್ಳಿಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ, ಲೋಹ ಒಳಗಿನಿಂದ ಕರಗುತ್ತದೆ. ಹೊರಗೆ ಬಣ್ಣದ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ಕಾಗದದಷ್ಟೇ. ಒಂದು ಲೋಟ ನೀರು ಆ ತೂತಿಗೆ ನಿಧಾನವಾಗಿ ಸುರಿ. ಕೆಳಗೆ ಸರಾಗವಾಗಿ ಬಂದರೆ ಸರಿ. ಬರದಿದ್ದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುತ್ತಾರಲ್ಲ, ಆ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸು. ಕಬ್ಬಿಣದ ತಂತಿ ಬೇಡ, ಒಳಗಿನ ಕೊಳವೆ ತೂತಾಗುತ್ತದೆ. ಕಂಪ್ರೆಸರ್ ಗಾಳಿಯೂ ಬೇಡ, ಕೊಳವೆ ಕಳಚಿಕೊಳ್ಳುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಕೈಯಾಡಿಸು, ತೇವವಿದ್ದರೆ ಆ ದಿನವೇ ಒಣಗಿಸು.

ನೀನಿರುವ ಊರಿನಲ್ಲಿ ಇದರ ಜೊತೆಗೆ ಚಳಿಗಾಲದ ಉಪ್ಪೂ ಇದೆ. ರಸ್ತೆಗೆ ಉಪ್ಪು ಚೆಲ್ಲುವ ತಿಂಗಳುಗಳಲ್ಲಿ ಈ ಕಾರನ್ನು ಹೊರಗೆ ತೆಗೆಯಬೇಡ. ಆಫೀಸಿಗೆ ಬೇರೊಂದು ಗಾಡಿ ಇಟ್ಟುಕೊಳ್ಳಲು ಸಾಧ್ಯವಾದರೆ ಇಟ್ಟುಕೊ. ನಿಲ್ಲಿಸುವ ಮುನ್ನ ಅಡಿಭಾಗ ಚೆನ್ನಾಗಿ ತೊಳೆದು, ಟ್ಯಾಂಕು ತುಂಬಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಗೇರಿನಲ್ಲಿಡು. ಚಳಿಯಲ್ಲಿ ಟಾಪು ಮಡಚಬೇಡ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಸೀಳುತ್ತದೆ. ಬೇಸಿಗೆಯಲ್ಲೂ ಮೊದಲು ಆ ಕಿಟಕಿಯ ಜಿಪ್ ಬಿಚ್ಚಿ ಮಲಗಿಸಿ, ಆಮೇಲೆಯೇ ಟಾಪು ಇಳಿಸು.

ಬ್ಯಾಟರಿ ಡಿಕ್ಕಿಯಲ್ಲಿದೆ ಎನ್ನುವುದನ್ನು ಗಮನಿಸಿರಬಹುದು. ಅಗ್ಗದ ಮಾಮೂಲಿ ಬ್ಯಾಟರಿ ಇಡಬೇಡ. ಅದರ ಅನಿಲ ಹೊರಹೋಗಲು ಕೊಳವೆ ಇರುವಂಥದ್ದೇ ಬೇಕು. ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡ, ಹಳೆಯ ಆಯಿಲಿಗೆ ವಾಲ್ವಿನ ಲಿಫ್ಟರುಗಳು ಹಾಗೆ ಸದ್ದು ಮಾಡುತ್ತವೆ, ಎರಡು ಸಲ ಬೇಗ ಬೇಗ ಆಯಿಲ್ ಬದಲಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಗೇರು ಕಷ್ಟಪಟ್ಟು ಬೀಳುತ್ತಿದ್ದು, ಕ್ಲಚ್ ಆಯಿಲಿನ ಮಟ್ಟವೂ ಇಳಿಯುತ್ತಿದ್ದರೆ ಕೆಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿದೆ ಎಂದು ತಿಳಿ. ಈ ಕಾರಿನಲ್ಲಿ ಅದು ಮಾಮೂಲು, ನೀನೇ ಬದಲಾಯಿಸಬಹುದಾದ ಕೆಲಸ.

ನೀನೇ ಮಾಡುವುದಾದರೆ ಒಂದು ಮಾತು ಕೊಡು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡ. ಸಮತಟ್ಟಾದ ಸಿಮೆಂಟ್ ನೆಲ, ಎರಡು ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಟ್ಟು, ಇವಿಲ್ಲದೆ ಕೆಲಸ ಶುರು ಮಾಡಬೇಡ. ನಿನ್ನಮ್ಮನಿಗೆ ನಾನು ಉತ್ತರ ಹೇಳಬೇಕಾದವನು.

ಟರ್ಬೊ ಹಾಕಿಸುವುದು, ಸ್ಪ್ರಿಂಗು ಇಳಿಸುವುದು, ಸೈಲೆನ್ಸರ್ ಬದಲಿಸುವುದು, ಇದನ್ನೆಲ್ಲ ಒಂದು ವರ್ಷ ಮುಂದೂಡು. ಕಾರು ಹೇಗೆ ಇರಬೇಕಿತ್ತೋ ಹಾಗೆ ಓಡುವುದನ್ನು ಮೊದಲು ಅನುಭವಿಸು. ಮಾಜ್ದಾ ಕಂಪನಿಯೇ 2018ರಿಂದ ಜಪಾನಿನಲ್ಲಿ ಈ ಮೊದಲ ಪೀಳಿಗೆಯ ಕಾರುಗಳನ್ನು ಬಿಚ್ಚಿ ಹೊಸದರಂತೆ ಕಟ್ಟಿಕೊಡುವ ಸೇವೆ ಶುರು ಮಾಡಿತು, ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಕಟ್ಟಿದವರಿಗೇ ಇಷ್ಟು ಮಮತೆ ಇರುವ ಕಾರನ್ನು ಆತುರದಲ್ಲಿ ಕತ್ತರಿಸಿ ಬೆಸೆಯಬೇಡ.

ಉಳಿದೆಲ್ಲಕ್ಕಿಂತ ಮುಂಚೆ ಟೈರು ನೋಡು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಎಂದಿದ್ದರೆ 2012ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಮೇಲೆ ಗೀರು ಎಷ್ಟೇ ಆಳವಿರಲಿ, ಹತ್ತು ವರ್ಷದ ರಬ್ಬರು ಕಲ್ಲಾಗಿರುತ್ತದೆ. ಹಗುರ ಕಾರು, ಹಿಂದಿನ ಚಕ್ರದ ಎಳೆತ, ಜಾರಿದಾಗ ತಡೆದು ಸರಿಪಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಲ್ಲ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ತುಸು ಹೆಚ್ಚು ಒತ್ತಿದರೆ ಹಿಂಭಾಗ ಮುಂದಕ್ಕೆ ಬರುತ್ತದೆ. ಹೊಸ ಟೈರು ಹಾಕಿಸುವ ತನಕ ಮಳೆಯಲ್ಲಿ ಈ ಕಾರನ್ನು ಹೊರಗೆ ತೆಗೆಯಬೇಡ, ಇದೊಂದು ಮಾತು ನಡೆಸಿಕೊಡು.