‘ಸೆರಾಮಿಕ್ ಬ್ರೇಕು’: ವಿಗ್ರಹವಾಕ್ಯದ ಬೆಲೆ

ಸಮಾಸ ಪ್ರಕರಣವನ್ನು ಓದುವವರು ಸಾಮಾನ್ಯವಾಗಿ ಮರಗಾಲು, ಮುಂದಲೆ, ಮುಕ್ಕಣ್ಣಗಳಲ್ಲಿಯೇ ನಿಂತುಬಿಡುತ್ತಾರೆ. ವಿಗ್ರಹವಾಕ್ಯವೆಂದರೆ ಎರಡು ಅಂಕದ ಪ್ರಶ್ನೆ ಎಂಬ ಭಾವನೆಯೂ ಬೆಳೆದುಬಿಟ್ಟಿದೆ. ಲಕ್ಷಾಂತರ ರೂಪಾಯಿಯ ವ್ಯವಹಾರವೇ ಒಂದು ವಿಗ್ರಹವಾಕ್ಯವನ್ನು ಅವಲಂಬಿಸುವುದುಂಟು.

ಜಡ್ಚರ್ಲದಿಂದ ಮಹಬೂಬನಗರ, ಮಕ್ತಲಗಳನ್ನು ಹಾದು, ಕೃಷ್ಣೆಯನ್ನು ದಾಟಿ ರಾಯಚೂರಿಗೆ ಬರುವ 167ನೆಯ ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿನಲ್ಲಿ, 2019ರಲ್ಲಿ ಜಿಲ್ಲೆಯಾದ ನಾರಾಯಣಪೇಟೆಯಲ್ಲಿ, ತೆಲುಗಿನ ಜೊತೆಗೆ ಕನ್ನಡವೂ ಮರಾಠಿಯೂ ಕೇಳಿಬರುತ್ತವೆ. ಬ್ರೇಕನ್ನು ಕನ್ನಡ ‘ಹಾಕುತ್ತದೆ’. ತೆಲುಗಿನ ‘ವೇಯು’ ಎಂಬುದೂ ಅದೇ ಅರ್ಥದ್ದು. ಮರಾಠಿಯ ‘ಲಾವಣೆ’ಯಾದರೋ ನಮ್ಮ ‘ಹಚ್ಚು’ವಿಗೆ ಸಮೀಪ. ನಾಮಪದ ಎರವಲಾದರೂ ಕ್ರಿಯಾಪದ ಮನೆಯದೇ. ತೊಡಕು ಇರುವುದು ವಿಶೇಷಣದಲ್ಲಿ.

ಗದ್ವಾಲದ ಒಬ್ಬರು ಐಷಾರಾಮಿ ಕಾರಿಗೆ ‘ಸೆರಾಮಿಕ್ ಬ್ರೇಕು’ ಕೊಳ್ಳಲು ಹೊರಟರೆಂದು ಭಾವಿಸಬಹುದು. ಈ ಪದವನ್ನು ಎರಡು ರೀತಿಯಲ್ಲಿ ಬಿಡಿಸಲು ಸಾಧ್ಯ. ‘ಸೆರಾಮಿಕ್ ಪ್ಯಾಡುಗಳುಳ್ಳ ಬ್ರೇಕು’ ಎಂದಾದರೆ ಒತ್ತುವ ಪ್ಯಾಡು ಮಾತ್ರ ಬೇರೆ, ಚಕ್ರದೊಡನೆ ತಿರುಗುವ ಡಿಸ್ಕು ಹಳೆಯ ಎರಕದ ಕಬ್ಬಿಣದ್ದೇ. ‘ಸೆರಾಮಿಕ್ ಡಿಸ್ಕುಳ್ಳ ಬ್ರೇಕು’ ಎಂದಾದರೆ ವಸ್ತುವೇ ಬೇರೆ. ಬೆಲೆಯೂ ಸಾವಿರಗಳಿಂದ ಲಕ್ಷಗಳಿಗೆ ಏರುತ್ತದೆ. ಲೋಪವಾದ ನಡುವಿನ ಪದದಲ್ಲಿಯೇ ಎಲ್ಲ ವ್ಯತ್ಯಾಸ ಅಡಗಿದೆ. ಗದ್ವಾಲದ ಸೀರೆ ಕೊಳ್ಳುವವರಿಗೆ ಈ ಎಚ್ಚರ ಹೊಸದಲ್ಲ. ಅಲ್ಲಿಯ ಸಾಂಪ್ರದಾಯಿಕ ಸೀರೆಯ ಒಡಲು ಹತ್ತಿ, ಅಂಚು ಸೆರಗುಗಳು ರೇಷ್ಮೆ. ‘ರೇಷ್ಮೆ ಸೀರೆ’ ಎಂದ ಅಂಗಡಿಯವನನ್ನು “ಒಡಲು ಯಾವುದರದು?” ಎಂದು ಕೇಳುವ ಗೃಹಿಣಿ ವ್ಯಾಕರಣ ಓದದೆಯೇ ಸಮಾಸವನ್ನು ಬಿಡಿಸುತ್ತಾಳೆ.

‘ಕಾರ್ಬನ್ ಸೆರಾಮಿಕ್’ ಎಂಬುದು ದ್ವಂದ್ವವೂ ಅಲ್ಲ. ಇಂಗಾಲದ ಎಳೆಗಳನ್ನು ರಾಳದೊಡನೆ ಅಚ್ಚಿನಲ್ಲಿ ಒತ್ತಿ, ಗಾಳಿ ಸೋಂಕದಂತೆ ಕಾಯಿಸಿ, ಆ ರಂಧ್ರಮಯ ಬಿಲ್ಲೆಯೊಳಕ್ಕೆ ಕರಗಿದ ಸಿಲಿಕಾನನ್ನು ಇಂಗಿಸುತ್ತಾರೆ. ಸಿಲಿಕಾನ್ ಕರಗಲು 1414 ಡಿಗ್ರಿ ಸೆಲ್ಸಿಯಸ್ ಬೇಕು. ಅದು ಇಂಗಾಲದೊಡನೆ ಕೂಡಿ ಅತಿ ಕಠಿಣವಾದ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಆದ್ದರಿಂದ ‘ಇಂಗಾಲದ ಎಳೆಗಳಿಂದ ಬಲಗೊಂಡ ಸೆರಾಮಿಕ್’ ಎಂಬ ತೃತೀಯಾ ತತ್ಪುರುಷವೇ ಯುಕ್ತ. ಪೋರ್ಷೆ ಕಂಪನಿಯು 2001ರಲ್ಲಿ 911 ಜಿಟಿ2 ಕಾರಿಗೆ ಇಂಥ ಡಿಸ್ಕುಗಳನ್ನು ಅಳವಡಿಸಿತು; ತೂಕ ಕಬ್ಬಿಣದ ಡಿಸ್ಕಿನ ಸುಮಾರು ಅರ್ಧ.

ಸೆರಾಮಿಕ್ ಎಂಬುದಕ್ಕೆ ‘ಪಿಂಗಾಣಿ’ ಎಂದು ಬರೆಯುವವರಿದ್ದಾರೆ. ತೆಲುಗಿನಲ್ಲಿಯೂ ಬಳಕೆಯಲ್ಲಿರುವ ಸೊಗಸಾದ ಪದವದು. ಆದರೆ ಇಲ್ಲಿ ಸಲ್ಲದು. ಪಿಂಗಾಣಿಯೆಂದರೆ ಜೇಡಿಮಣ್ಣಿನ ಬಟ್ಟಲು ಕಣ್ಣಿಗೆ ಕಟ್ಟುತ್ತದೆ, ಈ ಡಿಸ್ಕಿನಲ್ಲಿ ಜೇಡಿಮಣ್ಣೇ ಇಲ್ಲ. ‘ಇಂಗಾಲ’ದ ವಿಷಯ ಹಾಗಲ್ಲ. ಸಂಸ್ಕೃತದ ‘ಅಂಗಾರ’ ತದ್ಭವವಾಗಿ ‘ಇಂಗಳ’ವಾಯಿತು, ಅದೇ ಕುಲದ ‘ಇಂಗಾಲ’ವನ್ನು ವಿಜ್ಞಾನವೂ ಸ್ವೀಕರಿಸಿತು.

ಜೋಡಣೆಯ ಸೂಚನೆಗಳನ್ನು ಕನ್ನಡಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಸವೆದರೆ ಬದಲಿಸಿ’ ಎಂದರೆ ಸಾಲದು. ಕಬ್ಬಿಣದ ಡಿಸ್ಕಿನ ಸವೆತವನ್ನು ದಪ್ಪದಿಂದ ಅಳೆಯುತ್ತಾರೆ. ಇದರಲ್ಲಿ ತೂಕವನ್ನೂ ನೋಡಬೇಕು, ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ನಮೂದಿಸಿರುತ್ತಾರೆ. ಕಬ್ಬಿಣಕ್ಕೆಂದು ಮಾಡಿದ ಪ್ಯಾಡು ಇದಕ್ಕೆ ಸಲ್ಲದು. ಚಕ್ರವನ್ನು ಮರಳಿ ಕೂರಿಸುವಾಗ ಅಂಚಿಗೆ ಪೆಟ್ಟು ತಗುಲಿದರೆ ಚಕ್ಕೆ ಏಳಬಹುದು. ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಹೀಗಾಗಿ ‘ಬದಲಿಸು’ ಮತ್ತು ‘ಮಾರ್ಪಡಿಸು’ ಎಂಬ ಎರಡು ಕ್ರಿಯಾಪದಗಳನ್ನು ಅನುವಾದಕ ಒಂದಾಗಿಸುವಂತಿಲ್ಲ.

ಅಭ್ಯಾಸ: ‘ಸೆರಾಮಿಕ್ ಪ್ಯಾಡು’, ‘ಕಾರ್ಬನ್ ಸೆರಾಮಿಕ್ ಡಿಸ್ಕು’, ‘ರೇಷ್ಮೆಯಂಚಿನ ಸೀರೆ’ – ಇವುಗಳ ವಿಗ್ರಹವಾಕ್ಯ ಬರೆಯಿರಿ. ಲೋಪವಾದ ಪದವಿದ್ದರೆ ಅದನ್ನು ಗುರುತಿಸಿ, ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯ ರೂಪದಲ್ಲಿಯೂ ಬರೆಯಿರಿ.